ಇಲ್ಲದ ತಲೆಗೆ ಹೆಣೆದ ಜಡೆ

ಆ ದಿನ ಬೆಳಗಾದದ್ದೂ ಎಂದಿನ ಹಾಗೆಯೇ. ನಲ್ಲಿಯಲ್ಲಿ ನೀರು ಬಂತು, ಹಿಡಿದಿಟ್ಟೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ಚಿಕ್ಕವಳ ಯೂನಿಫಾರ್ಮಿನ ಗುಂಡಿಯೊಂದು ಸಡಿಲವಾಗಿತ್ತು. ಮೈಮೇಲಿದ್ದ ಹಾಗೆಯೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟೆ. ಅವರು ಬೆಂಗಳೂರಿನ ಬಸ್ಸಿಗೆ ಓಡಿದ ಮೇಲೆ ಅತ್ತೆಯವರಿಗೆ ಎರಡನೆಯ ಲೋಟ ಕಾಫಿ ಬೆರೆಸಿದೆ.

"ಹೊರಟ್ಯಾ ನಿನ್ನ ಹುಚ್ಚಾಸ್ಪತ್ರೆಗೆ?" ಎಂದು ಅವರು ದಿನವೂ ಕೇಳುವುದನ್ನು ಅಂದೂ ಕೇಳಿದರು.

"ಆಸ್ಪತ್ರೆ ಅಲ್ಲ ಅತ್ತೆ, ಮನೆ" ಎಂದು ನಾನೂ ದಿನದ ಉತ್ತರವನ್ನೇ ಕೊಟ್ಟು ಚಪ್ಪಲಿ ಮೆಟ್ಟಿದೆ.

ಇಷ್ಟು ಚಿಲ್ಲರೆ ವಿಷಯಗಳನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅಂದು ನನಗೆ ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ, ಮನೆಯಲ್ಲಿ ಜಗಳವಾಗಿರಲಿಲ್ಲ ಎಂಬುದು ಓದುವವರಿಗೆ ತಿಳಿದಿರಲಿ ಎಂದು. ಇನ್ನೊಂದನ್ನೂ ಹೇಳಿಬಿಡಬೇಕು. ಇಂಥ ಸಂಗತಿಗಳನ್ನು ನಾನು ನಂಬುತ್ತಿದ್ದವಳೇ ಅಲ್ಲ. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಸ್ನಾನದ ಕೋಣೆಯಲ್ಲಿ ಬಿಳಿಯ ಹೆಂಗಸನ್ನು ಕಂಡೆವೆಂದು ಹಾಸ್ಟೆಲಿನ ಹುಡುಗಿಯರು ಅತ್ತಾಗ ಅವರು ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದು, ಕಿಟಕಿಗೆ ಒಣಹಾಕಿದ್ದ ಟವೆಲನ್ನು ತೋರಿಸಿದ್ದರು. ಅಂದಿನಿಂದ ಯಾರು ಯಾವ ದೆವ್ವದ ಕಥೆ ಹೇಳಿದರೂ, ಯಾವ ದೇವರ ಮಹಿಮೆ ಹೇಳಿದರೂ ನಾನು ಮನಸ್ಸಿನಲ್ಲೇ ಟವೆಲು ಹುಡುಕುವವಳು. ಬಹಳ ಸಲ ಸಿಕ್ಕಿದೆ. ಈಗ ಹೇಳಹೊರಟಿರುವ ವಿಷಯದಲ್ಲೂ ಇಷ್ಟು ವರ್ಷ ಹುಡುಕಿದ್ದೇನೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮಗ್ಗದ ಮನೆಗಳ ಸಾಲಿನಲ್ಲಿ ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ಬೆಂಗಳೂರಿನ ಕೆಲವರು ಒಂದು ವಸತಿಗೃಹ ನಡೆಸುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ಬುದ್ಧಿಯ ಬೆಳವಣಿಗೆ ಹಿಂದುಳಿದ, ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಅಲ್ಲಿದ್ದರು. ಆಗ ‘ಬುದ್ಧಿಮಾಂದ್ಯರು’ ಎನ್ನುತ್ತಿದ್ದೆವು. ಊರವರ ಬಾಯಲ್ಲಿ ಅದಕ್ಕಿಂತ ಒರಟಾದ ಮಾತುಗಳಿದ್ದವು. ನಾನು ಅಲ್ಲಿಗೆ ಮೊದಲು ಹೋದದ್ದು ಹಳೆಯ ಸೀರೆಗಳನ್ನು ಕೊಡಲು. ಇವಳಿಗೆ ಇಂಗ್ಲಿಷ್ ಬರುತ್ತದೆ, ಮನೆಯಲ್ಲೇ ಇರುತ್ತಾಳೆ, ಸಂಬಳ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನನ್ನು ‘ಕೋಆರ್ಡಿನೇಟರ್’ ಮಾಡಿದರು. ರಾತ್ರಿ ಯಾವ ಆಯಾ ಇರುತ್ತಾಳೆ, ಫಿಟ್ಸ್ ಮಾತ್ರೆ ಯಾರದ್ದು ಮುಗಿದಿದೆ, ಹಬ್ಬಕ್ಕೆ ಯಾರನ್ನು ಮನೆಯವರು ಕರೆದೊಯ್ಯುತ್ತಾರೆ, ಕರೆದೊಯ್ಯುತ್ತೇವೆಂದು ಹೇಳಿ ಬಾರದೆ ಹೋದವರ ಮಗಳಿಗೆ ಏನೆಂದು ಹೇಳಬೇಕು, ಇವೆಲ್ಲ ನನ್ನ ಕೆಲಸ. ಕೊನೆಯದೇ ಹೆಚ್ಚು.

ಅಲ್ಲಿದ್ದವರಲ್ಲಿ ಲಕ್ಷ್ಮಿ ಮತ್ತು ಶಮೀಮ್ ಎಂಬ ಇಬ್ಬರ ವಿಷಯ ಇದು.

ಲಕ್ಷ್ಮಿ ಜಡಿಗೇನಹಳ್ಳಿ ಕಡೆಯ ಒಕ್ಕಲಿನ ಮನೆಯವಳು. ಮೂವತ್ತರ ಆಸುಪಾಸು. ದಪ್ಪನೆಯ ಮೈ, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಮಾತು ಬಹಳ ಕಡಿಮೆ. ಆದರೆ ಕಸ ಗುಡಿಸಿದರೆ ಮೂಲೆಯಲ್ಲಿ ಒಂದು ಎಳೆ ನೂಲೂ ಉಳಿಯುತ್ತಿರಲಿಲ್ಲ. ಶಮೀಮ್ ದೇವನಹಳ್ಳಿಯವಳು. ತಂದೆ ತೀರಿಕೊಂಡಿದ್ದರು. ತಾಯಿ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದರು. ಲಕ್ಷ್ಮಿಗಿಂತ ಚಿಕ್ಕವಳು, ಕಡ್ಡಿಯಂಥ ಮೈ, ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು, ‘ಆಪಾ’. ಅಂದರೆ ಅಕ್ಕ. ಅದನ್ನು ಅವಳು ಲಕ್ಷ್ಮಿಯೊಬ್ಬಳಿಗೇ ಹೇಳುತ್ತಿದ್ದಳು. ನಾನು ಎಷ್ಟು ಮುದ್ದು ಮಾಡಿದರೂ ನನಗೆ ಆ ಹೆಸರು ಸಿಗಲಿಲ್ಲ.

ಶಮೀಮಳಿಗೆ ಸೊಂಟ ದಾಟಿದ ಕೂದಲಿತ್ತು. ತಾಯಿ ನೋಡಲು ಬಂದಾಗ ಮೊದಲು ಮಗಳ ಕೂದಲಿಗೆ ಎಣ್ಣೆ ಹಚ್ಚಿ ಆಮೇಲೆಯೇ ನಮ್ಮೊಂದಿಗೆ ಮಾತಾಡುತ್ತಿದ್ದರು. ಆ ಹುಡುಗಿಯ ಮೈಯಲ್ಲಿ ಜನ ‘ಅಯ್ಯೋ ಪಾಪ’ ಎನ್ನದೆ ನೋಡುತ್ತಿದ್ದದ್ದು ಅದೊಂದನ್ನೇ. ಬೆಳಿಗ್ಗೆ ತಿಂಡಿಯಾದ ಮೇಲೆ ಅಂಗಳದ ಮೆಟ್ಟಿಲ ಮೇಲೆ ಶಮೀಮ್ ಕೂರುವಳು. ಮೇಲಿನ ಮೆಟ್ಟಿಲಲ್ಲಿ ಲಕ್ಷ್ಮಿ ಕೂತು ಅವಳ ತಲೆ ಬಾಚುವಳು. ಸಿಕ್ಕು ಬಿಡಿಸುವಾಗ ಬುಡವನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ತುದಿಯಿಂದ ಬಾಚುವುದನ್ನು ಅವಳಿಗೆ ಯಾರು ಕಲಿಸಿದ್ದರೋ ಕಾಣೆ. ಶಮೀಮ್ ಹಿಂದಕ್ಕೆ ಒರಗಿ, ಅವಳ ಮಂಡಿಗೆ ತಲೆ ಕೊಟ್ಟು ಕಣ್ಣು ಮುಚ್ಚುವಳು. ಮಧ್ಯಾಹ್ನದ ಅನ್ನವನ್ನೂ ಲಕ್ಷ್ಮಿಯೇ ಕಲಸಿಕೊಡಬೇಕು. ಬೇರೆ ಯಾರು ಕಲಸಿದರೂ ಶಮೀಮ್ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿ, ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು.

ಆ ವರ್ಷ ಕಮಿಟಿಯವರಿಗೆ ನೆಲಮಂಗಲದ ಆಚೆ, ಶಿವಗಂಗೆಯ ಕಡೆಗೆ ಹೋಗುವ ರಸ್ತೆಯಲ್ಲಿ ದಾನಿಯೊಬ್ಬರು ಇನ್ನೊಂದು ಮನೆ ಕೊಟ್ಟರು. ಎರಡು ಮನೆಗಳಾದ ಮೇಲೆ ಯಾರು ಎಲ್ಲಿರಬೇಕೆಂಬ ಪ್ರಶ್ನೆ ಬಂತು. ಕೆಲಸ ಕಲಿಯಬಲ್ಲವರು ದೊಡ್ಡಬಳ್ಳಾಪುರದಲ್ಲಿ, ಆರೈಕೆ ಮಾತ್ರ ಬೇಕಾದವರು ನೆಲಮಂಗಲದಲ್ಲಿ ಎಂದು ತೀರ್ಮಾನಿಸಿ, ಬುದ್ಧಿಯ ಮಟ್ಟ ಅಳೆಯಲು ಪೇಟೆಯಿಂದ ಒಬ್ಬರನ್ನು ಕರೆಸಿದರು. ಅವರ ಪೆಟ್ಟಿಗೆಯಲ್ಲಿ ಬಣ್ಣದ ಮರದ ತುಂಡುಗಳಿದ್ದವು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಬೇಕೆಂಬುದು ಪರೀಕ್ಷೆಯ ನಿಯಮ. ಲಕ್ಷ್ಮಿ ತುಂಡುಗಳನ್ನು ಜೋಡಿಸಿದಳು. ಶಮೀಮ್ ಅವುಗಳನ್ನು ಮುಟ್ಟಲೇ ಇಲ್ಲ. ಹಾಕಿದ ಬಾಗಿಲನ್ನೇ ನೋಡುತ್ತಾ ಕೂತಳು.

ಪಕ್ಕದಲ್ಲಿ ಲಕ್ಷ್ಮಿ ಇದ್ದರೆ ಶಮೀಮ್ ಇಂಥದ್ದೆಲ್ಲ ಮಾಡುತ್ತಿದ್ದಳು. ಕಡಲೆಕಾಯಿ ಸುಲಿಯುತ್ತಿದ್ದಳು, ಲೋಟಗಳನ್ನು ದೊಡ್ಡದು ಚಿಕ್ಕದು ನೋಡಿ ಜೋಡಿಸುತ್ತಿದ್ದಳು. ಅದನ್ನು ನಾನು ಆ ಪರೀಕ್ಷಕರಿಗೆ ಹೇಳಿದೆ.

"ಅವಳು ಪಕ್ಕದಲ್ಲಿದ್ದಾಗ ಮಾಡಿದ್ದು ಇವಳ ಬುದ್ಧಿ ಹೇಗಾಗುತ್ತೆ ಮೇಡಂ?" ಎಂದು ಅವರು ನಕ್ಕು ಪೆಟ್ಟಿಗೆ ಮುಚ್ಚಿದರು.

ನಾವೆಲ್ಲರೂ ಯಾರಾದರೊಬ್ಬರು ಪಕ್ಕದಲ್ಲಿದ್ದಾರೆಂದೇ ತಾನೇ ಏನನ್ನಾದರೂ ಮಾಡುವುದು? ಈ ಉತ್ತರ ನನಗೆ ಹೊಳೆದದ್ದು ಮನೆಗೆ ಬಂದು ಅಕ್ಕಿ ಆರಿಸುವಾಗ.

ಶಮೀಮಳನ್ನು ನೆಲಮಂಗಲದ ಮನೆಗೆ ಕಳಿಸಿದರು. ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೂ ಹಳೆಯವರ ಭೇಟಿ ಬೇಡವೆಂದು ಇನ್ನೊಂದು ನಿಯಮವಾಯಿತು. ವ್ಯಾನು ಹೊರಟಾಗ ಲಕ್ಷ್ಮಿ ಅಡಿಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಅವಳಿಗೆ ಗೊತ್ತಾಗಬಾರದೆಂದು ಆ ಹೊತ್ತನ್ನೇ ಆರಿಸಿದ್ದರು.

ಮರುದಿನ ತಿಂಡಿಯಾದ ಮೇಲೆ ಲಕ್ಷ್ಮಿ ಬಾಚಣಿಗೆ ತೆಗೆದುಕೊಂಡು ಅದೇ ಮೆಟ್ಟಿಲ ಮೇಲೆ ಕೂತಳು. ಕೆಳಗಿನ ಮೆಟ್ಟಿಲು ಖಾಲಿ. ಅವಳು ಎಡಗೈಯಲ್ಲಿ ಗಾಳಿಯನ್ನು ಹಿಡಿದು ಬಾಚಿದಳು. ಮೂರು ಪಾಲು ಮಾಡಿದಳು. ಒಂದರ ಮೇಲೊಂದು ಹಾಕುತ್ತಾ ಕೆಳಗಿನವರೆಗೂ ಹೆಣೆದು, ತುದಿಗೆ ಇಲ್ಲದ ಟೇಪು ಕಟ್ಟಿ, ಇಲ್ಲದ ಭುಜದ ಮೇಲಿಂದ ಮುಂದಕ್ಕೆ ಬಿಟ್ಟಳು. ಆಯಾ ನಂಜಮ್ಮ ಮೊದಲು ನಕ್ಕಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ದಿನವೂ ಇದೇ. ನೋಡಿ ನೋಡಿ ನಮಗೆ ಅಭ್ಯಾಸವಾಗಿಬಿಟ್ಟಿತು. ಮನುಷ್ಯರಿಗೆ ಎಂಥದ್ದೂ ಅಭ್ಯಾಸವಾಗುತ್ತದೆ.

ನಾನು ಹೇಳುತ್ತಿರುವ ಆ ದಿನ, ಅತ್ತೆಯವರಿಗೆ ಉತ್ತರ ಕೊಟ್ಟು ನಾನು ಹೋಗುವ ಹೊತ್ತಿಗೆ ಅಲ್ಲಿ ಉಪ್ಪಿಟ್ಟಿನ ತಟ್ಟೆಗಳನ್ನು ತೊಳೆಯುತ್ತಿದ್ದರು. ಲಕ್ಷ್ಮಿ ಮೆಟ್ಟಿಲ ಮೇಲೆ ಕೂತು ಬಾಚಲು ಶುರುಮಾಡಿದ್ದಳು. ನಾನು ಅವಳ ಪಕ್ಕದಲ್ಲೇ ಜಗಲಿಯ ಮೇಲೆ ಕೂತು, ಒಗೆದ ಬಟ್ಟೆಗಳಿಗೆ ಹೆಸರಿನ ಗುರುತು ಹೊಲಿಯುತ್ತಿದ್ದೆ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗಗಳು ಕಟಕಟ ಎನ್ನುತ್ತಿದ್ದವು. ಆ ಬೀದಿಯಲ್ಲಿ ಆ ಸದ್ದು ಇದ್ದರೆ ಕೇಳಿಸುವುದಿಲ್ಲ, ನಿಂತರೆ ಕೇಳಿಸುತ್ತದೆ. ಕರೆಂಟು ಹೋಗಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. ಆ ಮೌನದಲ್ಲಿ ಲಕ್ಷ್ಮಿ ಸ್ಪಷ್ಟವಾಗಿ, "ಬ್ಯಾಡಣ್ಣೋ" ಎಂದಳು.

ನಾನು ತಲೆ ಎತ್ತಿದೆ. ಅಲ್ಲಿ ಯಾವ ಗಂಡಸೂ ಇರಲಿಲ್ಲ. ಆ ಮನೆಗೆ ಗಂಡಸರು ಬರುತ್ತಲೂ ಇರಲಿಲ್ಲ. ಲಕ್ಷ್ಮಿ ಯಾರನ್ನಾದರೂ ಅಣ್ಣ ಎಂದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬ್ಯಾಡಣ್ಣೋ, ಬ್ಯಾಡ" ಎಂದು ಅವಳು ಇನ್ನೊಮ್ಮೆ ಹೇಳಿದಳು. ಅಂಗಲಾಚುವ ಧ್ವನಿ. ಬಾಚಣಿಗೆ ಕೈಜಾರಿ ಕೆಳಗಿನ ಮೆಟ್ಟಿಲಿಗೆ ಬಿತ್ತು. ಅವಳ ಎಡಗೈ ಮಾತ್ರ ಏನನ್ನೋ ಹಿಡಿದ ಹಾಗೆ ಮುಷ್ಟಿಯಾಗಿಯೇ ಇತ್ತು. ಆಮೇಲೆ ಆ ಮುಷ್ಟಿ ಬಿಚ್ಚಿಕೊಂಡಿತು. ಖಾಲಿ ಅಂಗೈಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಎರಡೂ ತೋಳುಗಳನ್ನು ಮುಂದೆ ತಂದು, ಯಾರನ್ನೋ ಹಿಂದಿನಿಂದ ಅಪ್ಪಿದಂತೆ ಎದೆಗೆ ಸುತ್ತಿಕೊಂಡು ಹಾಗೆಯೇ ಕೂತುಬಿಟ್ಟಳು. ಕಣ್ಣುಗಳು ತೆರೆದೇ ಇದ್ದವು. ರೆಪ್ಪೆ ಬಡಿಯುತ್ತಿದ್ದದ್ದು ಅಪರೂಪ.

"ಲಕ್ಷ್ಮಿ, ಏನಾಯ್ತಮ್ಮ?" ಎಂದು ಅವಳ ಕೈ ಮುಟ್ಟಿದೆ. ತಣ್ಣಗಿತ್ತು. ಬಿಸಿಲು ಅವಳ ಮೈಮೇಲೇ ಬೀಳುತ್ತಿತ್ತು, ಆದರೂ ಕೈ ಬಾವಿಯ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು.

ಫಿಟ್ಸ್ ಇರಬಹುದೆಂದುಕೊಂಡೆ. ನಾನು ಹುಡುಕಿದ ಮೊದಲ ಟವೆಲು ಅದು. ಆದರೆ ಫಿಟ್ಸ್ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೆ, ಇದು ಹಾಗಿರಲಿಲ್ಲ. ನಂಜಮ್ಮ ಬಂದು ಮುಖ ನೋಡಿದಳು.

"ಇವ್ಳು ಇಲ್ಲಿಲ್ಲ ಕಣಕ್ಕ" ಎಂದಳು.

"ಹಾಗಂದ್ರೇನು ನಂಜಮ್ಮ? ಕಣ್ಣೆದುರಿಗೇ ಕೂತಿದ್ದಾಳಲ್ಲ."

"ನಂಗೇನ್ ಗೊತ್ತು? ಕಂಡಂಗ್ ಹೇಳ್ದೆ. ನೀವು ಓದ್ದೋರು, ನೀವೇ ನೋಡಿ."

ಮಧ್ಯಾಹ್ನ ಹತ್ತಿರವಾದರೂ ಲಕ್ಷ್ಮಿ ಏಳಲಿಲ್ಲ, ಒಂದು ಗುಟುಕು ನೀರೂ ಕುಡಿಯಲಿಲ್ಲ. ಅಷ್ಟು ಹೊತ್ತೂ ನಾನು ಅವಳನ್ನು ಬಿಟ್ಟು ಕದಲಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಆಮೇಲೆ ಒಳಗೆ ಹೋಗಿ ಬೆಂಗಳೂರಿನ ಸೆಕ್ರೆಟರಿಯವರಿಗೆ ಫೋನು ಮಾಡಿದೆ. ಲಕ್ಷ್ಮಿಯನ್ನು ಒಂದು ದಿನದ ಮಟ್ಟಿಗೆ ನೆಲಮಂಗಲಕ್ಕೆ ಕರೆದುಕೊಂಡು ಹೋಗುತ್ತೇನೆ, ಶಮೀಮಳನ್ನು ಕಂಡರೆ ಸರಿಹೋಗುತ್ತಾಳೆ ಎಂದೆ.

ಸೆಕ್ರೆಟರಿ ಕೆಟ್ಟವರಲ್ಲ. ನಿವೃತ್ತಿಯ ನಂತರದ ದಿನಗಳನ್ನೆಲ್ಲ ಈ ಕೆಲಸಕ್ಕೇ ಕೊಟ್ಟವರು. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟವಾಗಿತ್ತು.

"ನೀವು ತುಂಬಾ ಸೆಂಟಿಮೆಂಟಲ್ ಆಗ್ತೀರಿ ಮೇಡಂ" ಎಂದರು. "ಇವರಿಗೆ ಅಟ್ಯಾಚ್‌ಮೆಂಟು ನಮ್ಮ ಹಾಗೆ ಇರಲ್ಲ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಇನ್ನೊಂದಷ್ಟು ದಿನ ಬಿಡಿ, ಮರೀತಾರೆ. ಈಗ ಕರ್ಕೊಂಡು ಹೋದ್ರೆ ಇಬ್ಬರದ್ದೂ ಮೊದಲಿನಿಂದ ಶುರು."

"ಅವಳು ನೀರೂ ಕುಡೀತಿಲ್ಲ ಸಾರ್."

"ಡಾಕ್ಟರಿಗೆ ತೋರಿಸಿ. ಬೇಕಾದ್ರೆ ನೀವೊಬ್ಬರೇ ಹೋಗಿ ಆ ಹುಡುಗೀನ ನೋಡ್ಕೊಂಡು ಬನ್ನಿ. ಚೆನ್ನಾಗೇ ಇರ್ತಾಳೆ, ನೋಡಿ ಬೇಕಾದ್ರೆ."

ನೆಲಮಂಗಲದ ಮನೆಗೆ ಆಗಿನ್ನೂ ಫೋನು ಬಂದಿರಲಿಲ್ಲ. ಲಕ್ಷ್ಮಿಯನ್ನು ನಂಜಮ್ಮನಿಗೆ ಒಪ್ಪಿಸಿ, ಡಾಕ್ಟರಿಗೆ ಹೇಳಿಕಳಿಸಿ, ನಾನು ಬಸ್ಸು ಹತ್ತಿದೆ. ಶಮೀಮ್ ಹೇಗಿದ್ದಾಳೆಂದು ನೋಡಿ ಬಂದು ಲಕ್ಷ್ಮಿಗೆ ಹೇಳಬೇಕು, ಅಷ್ಟೇ ಅಂದುಕೊಂಡಿದ್ದೆ. ಮಡಿಲಲ್ಲಿ ಒಂದು ಪೊಟ್ಟಣ ಬಿಸ್ಕತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಬುಟ್ಟಿಯಲ್ಲಿದ್ದ ಕೋಳಿ ದಾರಿಯುದ್ದಕ್ಕೂ ನನ್ನನ್ನೇ ಒಂದು ಕಣ್ಣಿನಿಂದ ನೋಡುತ್ತಿತ್ತು.

ನೆಲಮಂಗಲದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಆ ಮನೆ ತಲುಪಿದಾಗ ಬಿಸಿಲು ಓರೆಯಾಗಿತ್ತು. ಗೇಟು ತೆಗೆದವಳಿಗೆ ಅಂಗಳದಲ್ಲಿ ಕಂಡದ್ದೇನೆಂದು ಒಂದು ಕ್ಷಣ ಅರ್ಥವೇ ಆಗಲಿಲ್ಲ. ಚಾಪೆಯ ಮೇಲೆ ಸಾಲಾಗಿ ಕೂತಿದ್ದವರೆಲ್ಲರ ತಲೆ ನುಣ್ಣಗೆ ಬೋಳಾಗಿತ್ತು. ಮುಖಕ್ಕಿಂತ ನೆತ್ತಿ ಬೆಳ್ಳಗೆ. ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಕತ್ತಿ ತಗುಲಿದ ಕಡೆ ಅರಿಶಿನ ಮೆತ್ತಿದ್ದರು. ಯಾರು ಯಾರೆಂದು ಗುರುತಿಸಲು ನಾನು ಉಡುಪನ್ನು ನೋಡಬೇಕಾಯಿತು. ಕೊನೆಯಲ್ಲಿ ಕೂತಿದ್ದ ಹಸಿರು ಲಂಗದವಳು ಶಮೀಮ್.

ವಾರ್ಡನ್ ಸರೋಜಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ಹತ್ತಾರು ಜನರಿಗೆ ಅಡಿಗೆ, ಸ್ನಾನ, ಬಟ್ಟೆ ಎಲ್ಲಕ್ಕೂ ಅವರೊಬ್ಬರೇ. ಸಹಾಯಕ್ಕೆಂದು ಇಟ್ಟಿದ್ದವಳು ಬಿಟ್ಟುಹೋಗಿದ್ದಳು.

"ಹೇನು ಮೇಡಂ" ಎಂದರು, ನಾನು ಕೇಳುವ ಮೊದಲೇ. "ಒಬ್ಬಳಿಂದ ಒಬ್ಬಳಿಗೆ ಹತ್ತಿ ರಾತ್ರಿಯೆಲ್ಲಾ ಕೆರ್ಕೊಳ್ಳೋವು. ಇಷ್ಟು ತಲೆ ನಾನೊಬ್ಳೇ ಬಾಚೋಕಾಗುತ್ತಾ ನೀವೇ ಹೇಳಿ. ಬೆಳಿಗ್ಗೆ ಕ್ಷೌರದೋನು ಪಕ್ಕದ ತೋಟದ ಮನೆಗೆ ಬಂದಿದ್ದ, ಕಾಣಿಸ್ದ. ಬಾರಪ್ಪ, ಇವರದ್ದೂ ಒಂದು ಕೈ ನೋಡ್ಬಿಡು ಅಂತ ಕರೆದೆ. ಮುಡಿ ಕೊಟ್ಟಂಗೆ ಅಂದ್ಕೊಳ್ಳಿ."

ಯಾವ ದೇವರಿಗೆ ಎಂದು ಕೇಳಬೇಕೆನಿಸಿತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದೆ.

"ತಿಂಡಿ ಆದ್ಮೇಲೆ. ಮೊದ್ಲು ಇವಳದ್ದೇ ಮಾಡಿಸ್ದೆ, ಉದ್ದ ಕೂದ್ಲು ನೋಡಿ."

ಆ ಕೂದಲೆಲ್ಲಿ ಎಂದೆ. ಅವರು ಸ್ವಲ್ಪ ಸಂಕೋಚದಿಂದ ಒಳಗೆ ಬೆರಳು ತೋರಿಸಿದರು. ಹಳ್ಳಿಗಳಲ್ಲಿ ಕೂದಲು ಕೊಂಡು ಪಾತ್ರೆ ಕೊಡುವ ಹೆಂಗಸರು ಬರುತ್ತಾರಲ್ಲ, ಅಂಥವಳೊಬ್ಬಳು ಮಧ್ಯಾಹ್ನ ಬಂದಿದ್ದಳಂತೆ. ಅಡಿಗೆಮನೆಯ ಕಟ್ಟೆಯ ಮೇಲೆ ಹೊಸ ಸ್ಟೀಲ್ ಬೇಸಿನ್ನು ಹೊಳೆಯುತ್ತಿತ್ತು.

"ಮನೆಗೇ ಇಟ್ಟಿದ್ದೀನಿ ಮೇಡಂ, ನನಗೇನೂ ತಗೊಂಡಿಲ್ಲ" ಎಂದರು. ಅದು ನಿಜ. ಸರೋಜಮ್ಮ ತಮಗಾಗಿ ಒಂದು ಚಮಚ ಸಕ್ಕರೆಯನ್ನೂ ತೆಗೆದುಕೊಳ್ಳುವವರಲ್ಲ. ಅವರ ಪ್ರಾಮಾಣಿಕತೆಯನ್ನು ನೋಡಿ ನನಗೆ ಅಳು ಬಂತು.

ಶಮೀಮಳ ಮುಂದೆ ಕೂತೆ. ಬಿಸ್ಕತ್ತು ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ. ಎಳೆಯ ಮಗುವಿನ ನೆತ್ತಿಯ ಹಾಗೆ ಬೆಚ್ಚಗಿತ್ತು, ಒಳಗೆ ನಾಡಿ ಮಿಡಿಯುವುದು ತಿಳಿಯುತ್ತಿತ್ತು. ನಾನು ಅಂದುಕೊಂಡಂತೆ ಅವಳು ಹೆದರಿ ಮುದುಡಿರಲಿಲ್ಲ. ಅವಳ ಮುಖದಲ್ಲಿ, ಹೇಗೆ ಹೇಳಲಿ, ಒಂದು ಸಮಾಧಾನವಿತ್ತು.

"ತುಂಬಾ ಒದ್ದಾಡಿದ್ಲಾ?" ಎಂದು ಸರೋಜಮ್ಮನನ್ನು ಕೇಳಿದೆ.

"ಅಯ್ಯೋ, ಮೊದ್ಲು ನೋಡ್ಬೇಕಿತ್ತು. ಒದ್ದು, ಕಚ್ಚಿ, ಕ್ಷೌರದೋನು ಓಡೇ ಹೋಗ್ತಿದ್ದ. ಆಮೇಲೆ ಇದ್ದಕ್ಕಿದ್ದಂಗೆ ಸುಮ್ಮನಾಗ್ಬಿಟ್ಲು. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿ ಕೂತ್ಕೊಂಡ್ಲು. ಮುಗಿಯೋವರೆಗೂ ಒಂದು ಸಲಾನೂ ಅಲ್ಲಾಡ್ಲಿಲ್ಲ. ಅವನೇ ಅಂದ, ಈ ಕೂಸೇ ವಾಸಿ ಅಂತ."

"ಎಲ್ಲಿ ಕೂರಿಸಿದ್ರಿ?"

"ಅಗೋ, ಅಲ್ಲಿ."

ಅಂಗಳದ ನಟ್ಟನಡುವೆ ಒಂದು ಮಣೆ ಬಿದ್ದಿತ್ತು. ಸುತ್ತ ಬರೀ ನೆಲ.

"ಒರಗಿದ್ಲು ಅಂದ್ರಲ್ಲ. ಏನಕ್ಕೆ ಒರಗಿದ್ಲು?"

ಸರೋಜಮ್ಮ ಮಣೆಯನ್ನು ನೋಡಿದರು. ನನ್ನನ್ನು ನೋಡಿದರು. "ಅದೇ ಮೇಡಂ, ನಾನೂ ಯೋಚಿಸ್ಲಿಲ್ಲ" ಎಂದು ಹೇಳಿ, ಒಲೆಯ ಮೇಲೆ ಬೇಳೆ ಇದೆಯೆಂದು ಒಳಗೆ ಹೋಗಿಬಿಟ್ಟರು.

ಬೆಳಿಗ್ಗೆ ಲಕ್ಷ್ಮಿ ಯಾವ ಅಣ್ಣನಿಗೆ ಬೇಡವೆಂದಳು ಎಂಬುದು ಆಗ ನನಗೆ ಹೊಳೆಯಿತು. ಹೊಳೆದ ಕೂಡಲೇ ಅದನ್ನು ತಳ್ಳಿಹಾಕಲೂ ನೋಡಿದೆ. ಕ್ಷೌರದವನನ್ನು ಕರೆಯುವ ಯೋಚನೆ ಮೊದಲೇ ಇದ್ದಿದ್ದರೆ ಯಾರೋ ಆಡಿದ ಮಾತು ಲಕ್ಷ್ಮಿಯ ಕಿವಿಗೆ ಬಿದ್ದಿರಬಹುದಿತ್ತು. ಆದರೆ ಅದು ಸರೋಜಮ್ಮನಿಗೇ ಆ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ. ಬರೀ ಕಾಕತಾಳೀಯ ಎನ್ನೋಣವೆಂದರೆ, ಆ ಮಣೆ ಕಣ್ಣೆದುರಿಗೇ ಇತ್ತು.

ಹೊರಡುವ ಮೊದಲು ಶಮೀಮಳ ಕೈ ಹಿಡಿದು, "ಆಪಾನ್ನ ಕರ್ಕೊಂಡು ಬರ್ತೀನಿ" ಎಂದೆ. ಆ ಹೆಸರಿಗೆ ಅವಳು ತಿರುಗಿ ನನ್ನನ್ನು ನೋಡಬಹುದೆಂದುಕೊಂಡಿದ್ದೆ. ನೋಡಲಿಲ್ಲ. ಕಾಯಬೇಕಾದ್ದು ಏನೂ ಇಲ್ಲ ಎನ್ನುವವಳ ಹಾಗೆ ಕೂತಿದ್ದಳು.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಸಂಜೆಯ ಆಚೆಗೆ ಬರೆಯುವ ಮನಸ್ಸಿಲ್ಲ. ಇಬ್ಬರನ್ನೂ ಒಂದೇ ಮನೆಯಲ್ಲಿಡಿ, ಎಲ್ಲಾದರೂ ಸರಿ ಎಂದು ನಾನು ಕಮಿಟಿಯ ಮುಂದೆ ಕೇಳಿದೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದರು. ಆ ಮೀಟಿಂಗು ಮುಂದಕ್ಕೆ ಹೋಗುತ್ತಲೇ ಇತ್ತು. ಶಮೀಮಳ ತಾಯಿ ನೋಡಲು ಬಂದರು. ಎಣ್ಣೆಯ ಬಾಟಲಿ ಹಿಡಿದು ಗೇಟಿನಲ್ಲಿ ನಿಂತು ಮಗಳ ತಲೆ ನೋಡಿದರು. ತಮ್ಮ ದುಪ್ಪಟ್ಟಾ ತೆಗೆದು ಅವಳ ತಲೆಗೆ ಹೊದಿಸಿ ಕರೆದುಕೊಂಡು ಹೋದರು. ಆಮೇಲೆ ದೇವನಹಳ್ಳಿಯಲ್ಲಿ ವಿಚಾರಿಸಿದೆ. ಮನೆ ಖಾಲಿ ಮಾಡಿ ನೆಂಟರ ಊರಿಗೆ ಹೋದರೆಂದರು. ಯಾವ ಊರೆಂದು ಯಾರಿಗೂ ತಿಳಿದಿರಲಿಲ್ಲ.

ಲಕ್ಷ್ಮಿ ಇಲ್ಲದ ತಲೆಗೆ ಜಡೆ ಹಾಕುವುದನ್ನು ಬಿಡಲಿಲ್ಲ. ಕೆಲಸ ಕಲಿಯಲು ಅದು ಅಡ್ಡಿ ಎಂದು ಡಾಕ್ಟರಿಗೆ ಹೇಳಿ ಅವಳಿಗೆ ಒಂದು ಮಾತ್ರೆ ಶುರುಮಾಡಿಸಿದರು. ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಮಲಗಿಬಿಡುತ್ತಿದ್ದಳು. ಕೈಗಳು ನಿಂತವು. ‘ಒಳ್ಳೆಯ ಸುಧಾರಣೆ ಕಂಡಿದೆ’ ಎಂದು ಆ ವರ್ಷದ ವರದಿಯಲ್ಲಿ ಬಂತು, ಅವಳ ಫೋಟೋ ಸಹಿತ. ಆ ವರದಿ ಅಚ್ಚಾಗಿ ಬಂದ ದಿನ ನಾನು ಕೋಆರ್ಡಿನೇಟರ್ ಕೆಲಸ ಬಿಟ್ಟೆ. ನಡೆದದ್ದನ್ನು ಸೆಕ್ರೆಟರಿಯವರಿಗೆ ಹೇಳಿದ್ದೆ. ಅವರು ಪೂರ್ತಿ ಕೇಳಿ, "ನಿಮಗೆ ರೆಸ್ಟ್ ಬೇಕು ಮೇಡಂ" ಎಂದಿದ್ದರು, ನಿಜವಾದ ಕಾಳಜಿಯಿಂದ.

ಅವರಿಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದೇ, ಆ ಸಂಜೆಯದ್ದು.

ನೆಲಮಂಗಲದ ಮನೆಯಿಂದ ಹೊರಬಂದು ರಸ್ತೆಯ ತಿರುವಿನಲ್ಲಿದ್ದ ಅಂಗಡಿಯಿಂದ ದೊಡ್ಡಬಳ್ಳಾಪುರಕ್ಕೆ ಫೋನು ಮಾಡಿದೆ. ನಂಜಮ್ಮ ಎತ್ತಿಕೊಂಡಳು. ಲಕ್ಷ್ಮಿ ಹೇಗಿದ್ದಾಳೆಂದು ಕೇಳಿದೆ.

"ನೀವು ಬಿಟ್ಟೋದ್ ಜಾಗದಾಗೇ ಕುಂತವ್ಳೆ ಕಣಕ್ಕ" ಎಂದಳು. "ಡಾಕ್ಟ್ರು ಬಂದು ನೋಡಿ, ಏನಿಲ್ಲ ಅಂತ ಹೇಳೋದ್ರು. ಎದ್ದೇ ಇಲ್ಲ. ಕೈ ಹಂಗೇ ಕಟ್ಕೊಂಡವ್ಳೆ."

ಫೋನು ಇಟ್ಟು ಬಸ್ಸಿಗೆಂದು ಬಂದು ನಿಂತೆ. ಬಸ್ಸು ನಿಲ್ಲುತ್ತಿದ್ದದ್ದು ಆ ಮನೆಯ ಗೇಟಿನ ಎದುರಿಗೇ, ಹನುಮಕ್ಕ ಎಂಬವರ ಮನೆಯ ಮುಂದೆ. ಹಸು ಸಾಕಿಕೊಂಡಿದ್ದ ಆಕೆಯೇ ಆ ಮನೆಗೆ ಹಾಲು ಕೊಡುತ್ತಿದ್ದದ್ದು. ಅವರ ಕೊಟ್ಟಿಗೆಯಲ್ಲಿ ಕೂತರೆ ಆ ಮನೆಯ ಅಂಗಳವೆಲ್ಲ ಕಾಣುತ್ತಿತ್ತು. ದೊಡ್ಡಬಳ್ಳಾಪುರದ ಮನೆಯನ್ನಾಗಲಿ ಅಲ್ಲಿದ್ದವರನ್ನಾಗಲಿ ಆಕೆ ಎಂದೂ ಕಂಡವರಲ್ಲ. ಆ ಹೊತ್ತಿಗೆ ಹಾಲು ಕರೆಯುತ್ತಿದ್ದರು. ಶಿವಗಂಗೆಯ ಬೆಟ್ಟದ ಹಿಂದೆ ಸೂರ್ಯ ಇಳಿಯುತ್ತಿದ್ದ. ನನ್ನನ್ನು ಕಂಡು, ಕೈ ನಿಲ್ಲಿಸದೆ, ಕತ್ತು ಮಾತ್ರ ಹೊರಳಿಸಿದರು.

"ಹೊಂಟ್ರೇನವ್ವ? ಒಬ್ರೇ ಹೊಂಟ್ರಲ್ಲ!"

"ನಾನೊಬ್ಬಳೇ ಬಂದದ್ದು ಹನುಮಕ್ಕ."

"ಅಯ್ಯೋ, ಬೆಳಗ್ಗೆ ಬಂದ್ಲಲ್ಲ ಆ ದಪ್ಪನ್ ಹುಡ್ಗಿ, ಕಾಲು ಎಳ್ಕೊಂಡು? ಪಾಪ, ಕ್ಷೌರದೋನ ಕೈ ಹಿಡ್ಕೊಂಡು ಬೇಡ್ಕೊಂಡ್ಲು. ಅವನೆಲ್ಲಿ ಕೇಳ್ತಾನೆ? ಆಮ್ಯಾಕೆ ಆ ಕೂಸ್ನ ಹಿಂದೆ ಕುಂತು ಎದೆಗೆ ಒರಗಿಸ್ಕೊಂಡ್ಲು ನೋಡಿ, ಕೂಸು ಉಸ್ರು ಬಿಡ್ನಿಲ್ಲ" ಎಂದು ಹಸುವಿನ ಕೆಚ್ಚಲಿಗೆ ಒಂದಿಷ್ಟು ನೀರು ಚಿಮುಕಿಸಿ, ಆಕೆ ಮತ್ತೆ ಹಾಲು ಕರೆಯುತ್ತಾ ಹೇಳಿದರು: "ಅವ್ಳನ್ನ ಇಲ್ಲೇ ಬಿಟ್ಟೋಗ್ತಿದ್ದೀರಾ? ಬಿಡಿ, ಒಳ್ಳೇದೇ ಮಾಡಿದ್ರಿ. ಇಬ್ರೂ ಒಂದ್ಕಡೆ ಇದ್ರೆ ಆ ಕೂಸು ಎರಡು ತುತ್ತಾದ್ರೂ ಉಣ್ತದೆ."